ಇಳಿದ ಹೊತ್ತು

ಆದಿತ್ಯವಾರ ನಸುಕಿನಲ್ಲಿ ಏಣಿ ಕಿರುಗುಟ್ಟಿದರೆ
ಯಾರು ಬಂದರೆಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದೆ.
ನಾಕನೇ ಮೆಟ್ಟಿಲಿಗೆ ಕೆಮ್ಮಿದರೆ ಲಾಡ್ಲೇಸಾಬರು;
ಪಂಕ್ಚರ್ ಅಂಗಡಿಯ ರಬ್ಬರ್ ವಾಸನೆ
ಅವರಿಗಿಂತ ಮೊದಲೇ ಮ್ಯಾಲೆ ಬರುತ್ತಿತ್ತು.
ಚಪ್ಪಲಿ ಕೆಳಗೇ ಬಿಟ್ಟು ಸಪ್ಪಳಿಲ್ಲದೆ ಹತ್ತಿದರೆ ದ್ಯಾವಪ್ಪ,
ನಗರಸಭೆಯ ಗಟಾರದ ಕೆಲಸ, ಮೈತುಂಬ ಕೆಂಪು ಸೋಪಿನ ಘಮ.
ವಕೀಲ ಶ್ರೀಪಾದರಾಯರಿಗೆ ಮೊಣಕಾಲು ನೋವು,
ಮೆಟ್ಟಿಲಿಗೊಂದು ವಾಯಿದೆ.

ಏಣಿ ಇದ್ದದ್ದು ಹೊರಗೋಡೆಗೆ.
ಮೆಣಸಿನಕಾಯಿ ಒಣ ಹಾಕುವ ಆಳುಗಳಿಗೆಂದು
ಅಜ್ಜ ಹಚ್ಚಿಸಿದ್ದು.
ಹನ್ನೊಂದು ವರ್ಷ ಅವರೆಲ್ಲ ಆಕಾಶಕ್ಕೆ ಹೋದದ್ದು
ನಮ್ಮ ಹೊಸ್ತಿಲು ದಾಟದೆ.

ಮಾಳಗಿಯ ಮೇಲೆ ಪಾರಿವಾಳದ ಗೂಡು,
ಅಪ್ಪನ ಅಂಗಡಿಯ ಎಣ್ಣೆಡಬ್ಬಿ ಕೊಯ್ದು ಮಾಡಿದ್ದು.
ಗೋಣಿತಟ್ಟು ಹಾಸಿ ನಾಕೂ ಮಂದಿ ಅಂಗಾತ ಮಲಗಿ
ಮ್ಯಾಲೆ ನೋಡುತ್ತ ಜಗಳಾಡುತ್ತಿದ್ದರು
ತಳಿಯ ಬಗ್ಗೆ.
ಅಪ್ಪಟ ಯಾವುದು, ಬೆರಕೆ ಯಾವುದು,
ಕಣ್ಣಿನ ಸುತ್ತಲ ಬಿಳಿ ಗೆರೆ ಯಾವ ಅಜ್ಜಿಯದು.
ಏಳು ತಲೆಮಾರು ಎಣಿಸಿ ದಣಿದು ರಾಯರು ಅನ್ನುವರು:
‘ಇದಕ್ಕ ದಾಖಲೆ ಇಲ್ಲೋ ದ್ಯಾವಪ್ಪಾ, ಹಾರಿಸೇ ನೋಡಬೇಕು.’

ನನ್ನದು ಗಡಿಯಾರದ ಕೆಲಸ.
ಎಂಟನೇ ಇಯತ್ತೆಯ ಗಣಿತದ ನೋಟಬುಕ್ಕು ತಿರುವಿ
ಹಿಂದಿನಿಂದ ಗೆರೆ ಹಾಕಿದ್ದೆ:
ಹಕ್ಕಿ. ಹಾರಿದ ಹೊತ್ತು. ಇಳಿದ ಹೊತ್ತು.
ಅಷ್ಟೇ, ಮೂರು ಮನೆ.
ಹೆಣ್ಣುಹುಡುಗಿಗೆ ಮಾಳಗಿ ಯಾಕೆಂದು ಅವ್ವ.
‘ನಾವೆಲ್ಲ ಮ್ಯಾಲೆ ನೋಡೋರು, ಗಡಿಯಾರ ಯಾರು ನೋಡಬೇಕ?’ ಅಪ್ಪ.

ಚಾ ಒಯ್ಯುವವಳೂ ನಾನೇ.
ಅಪ್ಪನಿಗೆ ಸ್ಟೀಲಿನ ಲೋಟ.
ಲಾಡ್ಲೇಸಾಬರಿಗೆ ಹೂವಿನ ಕಪ್ಪು, ಕಿವಿ ಮುರಿದದ್ದು.
ದ್ಯಾವಪ್ಪನ ಗ್ಲಾಸು ಮಾಳಗಿಯ ಗೋಡೆಗೂಡಿನಲ್ಲೇ ಇರುತ್ತಿತ್ತು,
ಕೆಳಗೆ ಇಳಿದದ್ದೇ ಇಲ್ಲ; ತೊಳೆಯುವವನೂ ಅವನೇ.
ರಾಯರು ನಮ್ಮ ಮನೆಯದನ್ನು ಕುಡಿಯುತ್ತಿರಲಿಲ್ಲ:
ತಮ್ಮ ತಾಮ್ರದ ತಂಬಿಗೆ, ತಮ್ಮ ನೀರು.
ಯಾರೂ ಕಲಿಸಿದ್ದಲ್ಲ ಇದು.
ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿತ್ತು.

ಆ ವರ್ಷ ಒಂದು ಹಕ್ಕಿ. ಹೆಸರು ಹವಾಲ್ದಾರ.
ತತ್ತಿ ಲಾಡ್ಲೇಸಾಬರ ಜೋಡಿಯದು,
ಕಾವು ಕೂತದ್ದು ರಾಯರ ಮುದಿ ಬಿಳಿ ಹಕ್ಕಿ.
ಅದೂ ಬಿಟ್ಟೆದ್ದಾಗ ಪುಟಾಣಿಹಿಟ್ಟು ಕಲಸಿ
ಗುಟುಕು ಕೊಟ್ಟವ ದ್ಯಾವಪ್ಪ,
ಅಂಗಿಯ ಜೇಬಿನಲ್ಲಿಟ್ಟು ಕೆಲಸಕ್ಕೂ ಒಯ್ಯುತ್ತಿದ್ದನಂತೆ.

ಚೈತ್ರದ ಪಂದ್ಯ. ಆರೂ ಹನ್ನೆರಡಕ್ಕೆ ಬಿಟ್ಟರು.
ಹತ್ತಕ್ಕೆ ಗುಮ್ಮಟದ ಬಲಕ್ಕೆ ಒಂದು ಎಳ್ಳುಕಾಳು.
ಹನ್ನೆರಡಕ್ಕೆ ಅದೂ ಇಲ್ಲ.
ವಿಜಯಪುರದ ಬಿಸಿಲು, ಕಣ್ಣಿಗೆ ಉಪ್ಪು ತೂರಿದಂತೆ.
ಎರಡಕ್ಕೆ ಗಿಡಗ ಬಂತು.

ಯಾರೂ ಮಾತಾಡಲಿಲ್ಲ.
ಲಾಡ್ಲೇಸಾಬರ ತುಟಿ ಅಲುಗುತ್ತಿತ್ತು,
ಅಪ್ಪ ಕೊರಳ ಲಿಂಗ ಹಿಡಿದಿದ್ದ,
ರಾಯರ ಕೈ ದ್ಯಾವಪ್ಪನ ಹೆಗಲ ಮೇಲಿತ್ತು.
ಅದು ರಾಯರಿಗೆ ಗೊತ್ತಿರಲಿಲ್ಲ.
ಚಾ ಇಟ್ಟೆ. ಕೈಗಳು ಬಂದವು, ಕಣ್ಣು ಬರಲಿಲ್ಲ.
ಸಿಕ್ಕಿದ್ದು ಎತ್ತಿದರು, ಗುಟುಕರಿಸಿದರು, ಇಟ್ಟರು,
ಮತ್ತೊಬ್ಬರದು ಎತ್ತಿದರು.
ತಾಮ್ರದ ತಂಬಿಗೆ ಒಂದು ಸುತ್ತು ಹೋಗಿ ಬರಿದಾಗಿ ಬಂತು.
ಹೇಳಬೇಕೆಂದು ಬಾಯಿ ತೆರೆದೆ.
ಮುಚ್ಚಿದೆ.

ಸಂಜೆ ಹವಾಲ್ದಾರ ಇಳಿದ.
ಬಾಲದಲ್ಲಿ ಎರಡು ಗರಿ ಇರಲಿಲ್ಲ.
ನೆಟ್ಟಗೆ ದ್ಯಾವಪ್ಪನ ತಲೆಯ ಮೇಲೆ ಕೂತ.
ಅವರ ಕೂಗಿನಲ್ಲಿ ನಾನೂ ಕೂಗಿದೆ, ಕುಣಿದೆ,
ಗಡಿಯಾರ ನೋಡುವುದನ್ನೇ ಮರೆತೆ.
ಪಂದ್ಯ ಹೋಯಿತು.

ಕೆಳಗೆ, ಬಚ್ಚಲಕಟ್ಟೆಯಲ್ಲಿ, ಅವ್ವ ಮುಸುರೆಯ ಮುಂದೆ ಕೂತಿದ್ದಳು.
ಗದ್ದಲದಲ್ಲಿ ಗ್ಲಾಸೂ ಇಳಿದು ಬಂದಿತ್ತು ತಾಟಿನೊಳಗೆ.
‘ಯಾವುದರಾಗ ಯಾರು ಕುಡದ್ರು?’
ನೋಡಲಿಲ್ಲ ಎಂದೆ. ಸುಳ್ಳು.
ಬಹಳ ಹೊತ್ತು ಸುಮ್ಮನಿದ್ದು
ಎಲ್ಲಕ್ಕೂ ಒಂದೇ ಹಿಡಿ ಬೂದಿ ಹಚ್ಚಿದಳು.

ಮುಂದಿನ ವಾರ ಗ್ಲಾಸು ಗೂಡಿಗೆ ಮರಳಿತು.
ರಾಯರ ತಂಬಿಗೆಯೂ ಬಂತು,
ಆ ದಿನ ಮಾತ್ರ ಬಾಯಿಗೆ ಮುಚ್ಚಳವಿರಲಿಲ್ಲ.
ನೋಟಬುಕ್ಕು ಇನ್ನೂ ಇದೆ ನನ್ನ ಹತ್ತಿರ:
ಹವಾಲ್ದಾರ. ಆರೂ ಹನ್ನೆರಡು.
ಮೂರನೆಯ ಮನೆ ಹಾಗೇ ಇದೆ,
ಬಾಗಿಲಿಲ್ಲದ್ದು, ಖಾಲಿ.